ಮಾರ್ಕ್‌ಗೆ ಯಾವಾಗಲೂ ಕೆಳಗಿನಿಂದಲೇ ಬನ್ನಿ

ಸಾಗಿಸುವ ಸಾ ಮಿಲ್‌ಗೆ, ಅಂದರೆ ಚಕ್ರದ ಮೇಲೆ ಎಳೆದೊಯ್ಯುವ ಮರ ಕೊಯ್ಯುವ ಮಿಷನ್‌ಗೆ, ಮೋಟಾರ್ ಕೂರಿಸಿಕೊಡುವುದು ನನ್ನ ಕೆಲಸ. ಮೊನ್ನೆ ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಫೋನ್ ಮಾಡಿದರು. "ನೀವು ಹಾಕಿಕೊಟ್ಟ ಮೋಟಾರ್ ಸರಿಯಿಲ್ಲ ಕಣ್ರೀ. ಕೈಯಲ್ಲಿ ಹ್ಯಾಂಡಲ್ ತಿರುಗಿಸುವಾಗ ಹಲಗೆ ಚೆನ್ನಾಗಿ ಬರ್ತಿತ್ತು" ಎಂದರು. ಸಿಲ್ವರ್ ಓಕ್ ದಿಮ್ಮಿ, ಒಂದಿಂಚಿನ ಹಲಗೆ. ಒಂದು 24 ಮಿಲಿಮೀಟರ್ ಬಂದಿದೆ, ಪಕ್ಕದ್ದು 27. ಈ ವರ್ಷ ಇಂಥ ದೂರು ಇದು ನಾಲ್ಕನೆಯದು. ನಾಲ್ಕೂ ಕಡೆ ಮೋಟಾರ್ ಸರಿಯಾಗಿಯೇ ಇತ್ತು.

ಇಂಥ ಸಾ ಮಿಲ್‌ಗೆ ಹೆಡ್ (ಬ್ಲೇಡ್, ಎಂಜಿನ್ ಹೊತ್ತ ಭಾಗ) ಎತ್ತುವ ಮೋಟಾರ್ ಕೂರಿಸುವುದು ದೊಡ್ಡ ಕೆಲಸವಲ್ಲ. 200 ಕೆ.ಜಿ. ತೂಕದ ಹೆಡ್ಡನ್ನು ಸೆಕೆಂಡಿಗೆ 5 ಮಿಲಿಮೀಟರ್ ಎತ್ತಲು ಬೇಕಾಗುವುದು ಸುಮಾರು 10 ವ್ಯಾಟ್. ಹೆಡ್ ಎತ್ತುವ ಸ್ಕ್ರೂನ ಉಜ್ಜಾಟದಲ್ಲಿ ಮುಕ್ಕಾಲು ಪಾಲು ಹೋದರೂ 40 ವ್ಯಾಟ್ ಸಾಕು. 12 ವೋಲ್ಟಿನ ಒಳ್ಳೆಯ ಗೇರ್ ಮೋಟಾರ್ ಧಾರಾಳವಾಯಿತು. ಆದರೂ ಬಂದವರೆಲ್ಲ "ಒಂದು ಎಚ್‌ಪಿ ಹಾಕಿಬಿಡಿ" ಎನ್ನುತ್ತಾರೆ. ಬೇಡ. ಹೆಡ್ ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್ಚಿಗೆ ಮರದ ಹುಡಿ ತುಂಬಿ ಅದು ಕೈಕೊಟ್ಟ ದಿನ, ಸಣ್ಣ ಮೋಟಾರಾದರೆ ಫ್ಯೂಸ್ ಹೋಗುತ್ತದೆ. ದೊಡ್ಡದಾದರೆ ಸ್ಕ್ರೂನ ನಟ್ಟೇ ಒಡೆಯುತ್ತದೆ.

ಈಗ ಆ ಮೂರು ಮಿಲಿಮೀಟರ್ ಎಲ್ಲಿಂದ ಬಂತು ನೋಡಿ. ಹೆಡ್ ಎರಡು ಕಂಬಗಳ ಮೇಲೆ ನಿಂತಿದೆ. ಕಂಬಕ್ಕೊಂದು ಸ್ಕ್ರೂ. ಮೋಟಾರ್ ತಿರುಗಿಸುವುದು ಒಂದನ್ನು ಮಾತ್ರ, ಇನ್ನೊಂದನ್ನು ಚೈನ್ ಎಳೆಯುತ್ತದೆ. ಏರಿಸುವಾಗ ಚೈನಿನ ಒಂದು ಬದಿ ಬಿಗಿ, ಇಳಿಸುವಾಗ ಇನ್ನೊಂದು ಬದಿ ಬಿಗಿ. ದಿಕ್ಕು ಬದಲಾದಾಗಲೆಲ್ಲ ಆ ಸಡಿಲ ತುಂಬುವವರೆಗೆ ಎರಡನೇ ಸ್ಕ್ರೂ ಸುಮ್ನೆ ನಿಂತಿರುತ್ತದೆ. ಸ್ಕ್ರೂ ಪಿಚ್ (ಒಂದು ಸುತ್ತಿಗೆ ಏರುವಷ್ಟು) 5 ಮಿಲಿಮೀಟರ್ ಇದ್ದು, ಅದು ಕಾಲು ಸುತ್ತು ಹಿಂದೆ ಬಿದ್ದರೂ ಹೆಡ್ಡಿನ ಒಂದು ಪಕ್ಕ ಒಂದೂಕಾಲು ಮಿಲಿಮೀಟರ್ ತಪ್ಪಿತು.

ಇನ್ನೊಂದು ಇದೆ. ಕಂಬದ ಮೇಲೆ ಅಂಟು, ಹುಡಿ ಸೇರಿ ಗಟ್ಟಿಯಾಗಿರುತ್ತದೆ. ಇಳಿಸುವಾಗ ಸ್ಕ್ರೂ ಕೆಳಗೆ ಹೋಗುತ್ತದೆ, ಹೆಡ್ ಮಾತ್ರ ಕಂಬ ಹಿಡಿದು ಅಲ್ಲೇ ನೇತಾಡುತ್ತದೆ. ಸ್ಕೇಲ್ ನೋಡಿ ಸರಿ ಅಂದುಕೊಂಡು ಕೊಯ್ಯಲು ಶುರು ಮಾಡುತ್ತೀರಿ. ಎಂಜಿನ್ ಅದುರುತ್ತದೆ. ಹಲಗೆ ಅರ್ಧ ಕೊಯ್ದಾಗ ಹೆಡ್ ಒಂದು ಚೂರು ಕೆಳಗೆ ಕೂರುತ್ತದೆ. ಏರಿಸುವಾಗ ಹೀಗಾಗದು, ಸ್ಕ್ರೂ ಹೆಡ್ಡನ್ನು ಹೊತ್ತೇ ಮೇಲೆ ಹೋಗುತ್ತಿರುತ್ತದೆ.

ಹಾಗಾಗಿ ದಿಮ್ಮಿಯ ತುದಿಯಿಂದ ಬ್ಲೇಡ್ ಪೂರ್ತಿ ಹೊರಗೆ ಬಂದಿರುವಾಗ ಬೇಕಾದ ಅಳತೆಗಿಂತ 10 ಮಿಲಿಮೀಟರ್ ಕೆಳಗೆ ಇಳಿಸಿ. ಆಮೇಲೆ ಏರಿಸುತ್ತಾ ಬಂದು ಸ್ಕೇಲಿನಲ್ಲಿ ಬೇಕಾದ ಅಳತೆಯ ಮಾರ್ಕ್‌ನಲ್ಲಿ ನಿಲ್ಲಿಸಿ. ಪ್ರತಿ ಹಲಗೆಗೂ ಹೀಗೇ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹೊಲಕ್ಕೆ ಹೋಗಿ ನೋಡಿದರೆ ಅದೇ ಕಥೆ. ಏರಿಸುವಾಗ ಮಾರ್ಕ್ ಒಂದು ಮಿಲಿಮೀಟರ್ ದಾಟುತ್ತದೆ, ಕೂಡಲೇ ಇಳಿಸುವ ಗುಂಡಿಯನ್ನು ಟಕ್ ಅಂತ ಒತ್ತುತ್ತಾರೆ. ಅದೇ ತಪ್ಪು! ಆ ಒಂದು ಟಕ್ಕಿನಲ್ಲಿ ಚೈನ್ ಮತ್ತೆ ಸಡಿಲವಾಯಿತು, ಮಾಡಿದ್ದೆಲ್ಲ ಹೋಯಿತು. ದಾಟಿದರೆ ಮತ್ತೆ 10 ಮಿಲಿಮೀಟರ್ ಕೆಳಗೆ ಹೋಗಿ, ಮತ್ತೆ ಏರಿ. ಬೇಜಾರಾಗುತ್ತದೆ, ಗೊತ್ತು. ಆರೇಳು ಸೆಕೆಂಡಿನ ಕೆಲಸ, ಅಷ್ಟೇ ಅಲ್ವಾ?

ಹ್ಯಾಂಡಲ್ ಇದ್ದಾಗ ಯಾಕೆ ಸರಿ ಬರುತ್ತಿತ್ತು ಅಂದರೆ, ಆಗ ನಿಧಾನವಾಗಿ ತಿರುಗಿಸುತ್ತಾ ಮಾರ್ಕ್‌ನಲ್ಲೇ ನಿಲ್ಲಿಸುತ್ತಿದ್ದಿರಿ. ದಾಟುವುದು ಅಪರೂಪ, ಹಿಂದೆ ತಿರುಗಿಸುವುದೂ ಅಪರೂಪ. ಗುಂಡಿ ಬಂದ ಮೇಲೆ ಬೆರಳು ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಒಂದು ಮಿಲಿಮೀಟರ್ ಹೋಯಿತು. ಹಾಗಾಗಿ ಅರ್ಧ ಹಲಗೆ ಮೇಲಿನಿಂದ ಬಂದು ಕೊಯ್ದದ್ದು, ಅರ್ಧ ಕೆಳಗಿನಿಂದ ಬಂದು ಕೊಯ್ದದ್ದು. ಅಳತೆ ಎಲ್ಲಿ ಕೂಡುತ್ತದೆ?

ಗುಂಡಿ ಬಿಟ್ಟ ಮೇಲೂ ಮೋಟಾರ್ ಒಂದಿಷ್ಟು ಓಡುತ್ತದೆ. ಅದಕ್ಕೆ ನಾನು ಐದು ಪಿನ್ನಿನ ಎರಡು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕುತ್ತೇನೆ. ಗುಂಡಿ ಬಿಟ್ಟಾಗ ಮೋಟಾರಿನ ಎರಡೂ ವೈರ್ ಒಂದೇ ಕಡೆ ಸೇರುತ್ತವೆ, ಮೋಟಾರ್ ತನಗೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಒಳಗೆ ಪರ್ಮನೆಂಟ್ ಮ್ಯಾಗ್ನೆಟ್ ಇರುವ ಸಾಮಾನ್ಯ ಬ್ರಷ್ ಡಿಸಿ ಮೋಟಾರಿಗೆ ಮಾತ್ರ ಇದು. ಬೇರೆಯದಿದ್ದರೆ ವೈರಿಂಗ್ ಗೊತ್ತಿರುವವರಿಗೆ ತೋರಿಸಿಯೇ ಮಾಡಿ.

ನಮ್ಮೂರಿನಲ್ಲಿ ಕೈಗರಗಸದಲ್ಲಿ ಮರ ಕೊಯ್ಯುವ ಅಜ್ಜ ಒಬ್ಬರಿದ್ದರು. ದಿಮ್ಮಿಯ ಮೇಲೆ ಮಸಿ ದಾರ ಎಳೆದು ಒಂದೇ ಸಲ ಮೀಟುತ್ತಿದ್ದರು. ಗೆರೆ ಮಸುಕಾದರೆ ಅದರ ಮೇಲೇ ಮತ್ತೆ ಮೀಟುತ್ತಿರಲಿಲ್ಲ. ಒರೆಸಿ, ದಾರ ಬಿಚ್ಚಿ, ಮೊದಲಿಂದ ಎಳೆಯುತ್ತಿದ್ದರು. "ಎರಡು ಸಲ ಹೊಡೆದರೆ ಎರಡು ಗೆರೆ ಆಗುತ್ತೆ ಮಗಾ, ಯಾವುದನ್ನ ನಂಬ್ತೀಯಾ?" ಎನ್ನುತ್ತಿದ್ದರು. ಟಕ್ ಟಕ್ ಗುಂಡಿ ಒತ್ತುವವರನ್ನು ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಹೊಸದಾಗಿ ಮಿಷನ್ ತರುವವರಿಗೆ ಒಂದು ಮಾತು. ಸಾ ಮಿಲ್‌ಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಚಕ್ರ ಇದೆ ಎಂದು ವಿನಾಯಿತಿ ಇದೆ ಅಂದುಕೊಳ್ಳಬೇಡಿ, ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಸೋಮವಾರಪೇಟೆಗೆ ಭಾನುವಾರ ಹೋಗಿದ್ದೆ. ಎಂಜಿನ್ ಕೀ ತೆಗೆದಿಟ್ಟು, ಸೀಮೆಎಣ್ಣೆ ಬಟ್ಟೆಯಲ್ಲಿ ಎರಡೂ ಕಂಬ ಒರೆಸಿದೆವು. ಅವರು ಗ್ರೀಸ್ ಡಬ್ಬಿ ತಂದರು. ಗ್ರೀಸಿಗೆ ಹುಡಿ ಅಂಟುತ್ತದೆ, ಬೇಡ ಎಂದೆ. ಆಮೇಲೆ ಮಿಷನ್ ನಡೆಸುವ ಹುಡುಗ ಹತ್ತು ಹಲಗೆ ಕೊಯ್ದ, ಎಲ್ಲವನ್ನೂ ಕೆಳಗಿನಿಂದಲೇ ಬಂದು. ವರ್ನಿಯರ್ ಹಿಡಿದು ಅಳೆದೆವು, ಹತ್ತೂ ಒಂದೇ ಅಳತೆ ಎನ್ನಬಹುದು. ಹೊರಡುವಾಗ ನೋಡಿದರೆ ಆ ಹುಡುಗ ಗುಂಡಿ ಪೆಟ್ಟಿಗೆಯ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದ: "ಇಳಿಸು, ಏರಿಸು, ನಿಲ್ಲಿಸು."