ಬ್ರಾನ್ ಕೋಟೆ: ಗೋಡೆ ಒಬ್ಬರದು, ಕುರ್ಚಿ ಇನ್ನೊಬ್ಬರದು

ರುಮೇನಿಯಾದ ಬ್ರಾನ್ ಕೋಟೆ ಯಾರದು? ಇವತ್ತಿನ ದಾಖಲೆಯ ಪ್ರಕಾರ ಖಾಸಗಿಯವರದು. ಇದಕ್ಕೆ ಅಂಟಿಕೊಂಡಿರುವ ಡ್ರಾಕುಲಾನ ಹೆಸರನ್ನು ಮೊದಲೇ ಬದಿಗಿಡೋಣ. ಆ ಕಥೆಯ ಜೊತೆ ತಳುಕು ಹಾಕುವ ಹದಿನೈದನೇ ಶತಮಾನದ ದೊರೆ ವ್ಲಾಡ್ ತ್ಸೆಪೆಶ್ ಈ ಕೋಟೆಯ ಒಡೆಯನಾಗಿರಲಿಲ್ಲ. ಆದರೂ ಟಿಕೆಟ್ ಮಾರುವುದು ಡ್ರಾಕುಲಾನ ಹೆಸರೇ.

ಇದು ಅರಮನೆಯಾಗಿ ಹುಟ್ಟಿದ್ದಲ್ಲ, ಸುಂಕದ ಕಟ್ಟೆಯಾಗಿ ಹುಟ್ಟಿದ್ದು. 1377ರಲ್ಲಿ ಹಂಗರಿಯ ದೊರೆ ಒಂದನೇ ಲೂಯಿ ಬ್ರಶೋವ್ ಪಟ್ಟಣದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಸ್ಯಾಕ್ಸನ್ನರಿಗೆ ನಿಮ್ಮ ಖರ್ಚಿನಲ್ಲೇ ಕಟ್ಟಿಕೊಳ್ಳಿ ಎಂದು ಅಪ್ಪಣೆ ಕೊಟ್ಟ. ಆಗ ಹಂಗರಿಯ ಕೈಯಲ್ಲಿದ್ದ ಟ್ರಾನ್ಸಿಲ್ವೇನಿಯಾದಿಂದ ದಕ್ಷಿಣದ ವಲೇಕಿಯಾ ಸಂಸ್ಥಾನಕ್ಕೆ ಹೋಗುವ ಘಟ್ಟದ ದಾರಿ ಇದು. ಇಲ್ಲಿ ಹಾದುಹೋಗುವ ಸರಕಿಗೆ ನೂರಕ್ಕೆ ಮೂರರಷ್ಟು ಸುಂಕ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ, ಕಟ್ಟಿಯೇ ಹೋಗಬೇಕು. 1498ರಲ್ಲಿ ಕೋಟೆ ಪಟ್ಟಣಕ್ಕೆ ಅಡವಾಯಿತು, 1651ರಲ್ಲಿ ಪಟ್ಟಣದ ಸ್ವತ್ತೇ ಆಯಿತು. 1836ರಲ್ಲಿ ಗಡಿ ಆಚೆ ಸರಿದಾಗ ವರಮಾನವೂ ಅದರ ಹಿಂದೆಯೇ ಹೋಯಿತು. 1888ರ ನಂತರ ಅರಣ್ಯ ಸಿಬ್ಬಂದಿಯ ವಶದಲ್ಲಿ ಸುಮಾರು ಮೂವತ್ತು ವರ್ಷ ಹಾಳುಬಿತ್ತು. ವರಮಾನವಿಲ್ಲದ ಆ ಕಾಲದಲ್ಲಿ ಇದು ನಮ್ಮದು ಎಂದು ಯಾರೂ ಜಗಳ ಮಾಡಲಿಲ್ಲ.

1920ರ ಡಿಸೆಂಬರ್ 1ರಂದು ಬ್ರಶೋವ್ ನಗರಸಭೆ ಕೋಟೆಯನ್ನು ರುಮೇನಿಯಾದ ರಾಣಿ ಮರಿಯಾಳಿಗೆ ದಾನವಾಗಿ ಬರೆದುಕೊಟ್ಟಿತು. ಅದು ಗೌರವವೂ ಹೌದು, ಸೋರುವ ಮಾಡಿನ ಖರ್ಚನ್ನು ದಾಟಿಸಿದ್ದೂ ಹೌದು. ವಾಸ್ತುಶಿಲ್ಪಿ ಕರೆಲ್ ಲಿಮಾನ್ ಏಳೆಂಟು ವರ್ಷ ದುರಸ್ತಿ ಮಾಡಿಸಿದ. 1932ರಲ್ಲಿ ಹಳ್ಳದ ನೀರಿಗೆ ಟರ್ಬೈನ್ ಇಟ್ಟು ಕೋಟೆಗೂ ಸುತ್ತಲ ಹಳ್ಳಿಗಳಿಗೂ ಕರೆಂಟು ಕೊಟ್ಟರು. ಸುಮಾರು 57 ಮೀಟರ್ ಆಳದ ಹಳೇ ಬಾವಿಯೊಳಗೇ ಲಿಫ್ಟ್ ಕೂರಿಸಿದರು. ಬಂಡೆಯ ತುದಿಯಲ್ಲಿರುವ ಕಟ್ಟಡಕ್ಕೆ ಹೊರಗಿನಿಂದ ಲಿಫ್ಟ್ ಕಟ್ಟಿದ್ದರೆ ಅದರ ಚಹರೆಯೇ ಕೆಡುತ್ತಿತ್ತು. ಬಾವಿ ಹೇಗೂ ಬುಡದವರೆಗೆ ಕೊರೆದೇ ಇತ್ತು.

1938ರಲ್ಲಿ ರಾಣಿ ತೀರಿಕೊಂಡಾಗ ಉಯಿಲಿನ ಪ್ರಕಾರ ಕೋಟೆ ಮಗಳು ಇಲಿಯಾನಾಳಿಗೆ ಬಂತು. ಗೊಂದಲ ಶುರುವಾಗುವುದು ಇಲ್ಲಿಂದ. ಇಲಿಯಾನಾಳ ಗಂಡ ಆಸ್ಟ್ರಿಯಾ ಸಾಮ್ರಾಜ್ಯವನ್ನು ಆಳಿದ್ದ ಹ್ಯಾಬ್ಸ್‌ಬರ್ಗ್ ಮನೆತನದವನು, ಹಾಗಾಗಿ ಮಕ್ಕಳಿಗೂ ಅದೇ ಹೆಸರು. ‘ಕೋಟೆ ಆಸ್ಟ್ರಿಯಾದವರ ಪಾಲಾಯಿತು’ ಎಂಬ ಮುನಿಸಿಗೆ ಆ ಹೆಸರೇ ಮೂಲ. ಹಕ್ಕು ಬಂದದ್ದು ತಾಯಿಯ ಕಡೆಯಿಂದ, ಸಾಮ್ರಾಜ್ಯದ ಕಡೆಯಿಂದಲ್ಲ.

1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಕೋಟೆಯನ್ನು ಮುಟ್ಟುಗೋಲು ಹಾಕಿಕೊಂಡಿತು. ಕುಟುಂಬ ದೇಶ ಬಿಟ್ಟಿತು. 1956ರಲ್ಲಿ ಕೋಟೆ ಮ್ಯೂಸಿಯಂ ಆಯಿತು. 1987ರಿಂದ 1993ರವರೆಗೆ ದೊಡ್ಡ ದುರಸ್ತಿ ನಡೆಯಿತು.

ವಾಪಸಾತಿಯ ದಾರಿ ತೆರೆದದ್ದು 2001ರ 10ನೇ ಕಾಯ್ದೆ. 1945ರ ಮಾರ್ಚ್ 6ರಿಂದ 1989ರ ಡಿಸೆಂಬರ್ 22ರ ನಡುವೆ ಸರ್ಕಾರ ಅನ್ಯಾಯವಾಗಿ ಕಿತ್ತುಕೊಂಡ ಕಟ್ಟಡಗಳಿಗೆ ಅದು ಅನ್ವಯ. ವಾರಸುದಾರರು ಮೊದಲು ನೋಟಿಸ್ ಕೊಡಬೇಕಿತ್ತು. ಆಸ್ತಿ ತಮ್ಮದಾಗಿತ್ತು ಎಂಬುದಕ್ಕೂ, ವಾರಸುದಾರರು ತಾವೇ ಎಂಬುದಕ್ಕೂ ಬೇರೆ ಬೇರೆ ಕಾಗದ ಬೇಕಿತ್ತು. ಬ್ರಾನ್‌ಗೆ ದಾನಪತ್ರವೂ ಇತ್ತು, ಉಯಿಲೂ ಇತ್ತು. 2006ರ ಮೇ 26ರಂದು ಕೋಟೆ ಇಲಿಯಾನಾಳ ಮಗ ಡೊಮಿನಿಕ್ ಮತ್ತು ಅವನ ಇಬ್ಬರು ಸೋದರಿಯರಿಗೆ ಮರಳಿತು, ಮೂರು ವರ್ಷ ಮ್ಯೂಸಿಯಂ ಆಗಿಯೇ ಇರಬೇಕೆಂಬ ಷರತ್ತಿನ ಮೇಲೆ. 2007ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಸಮಿತಿ ಇದು ಕಾನೂನುಬಾಹಿರ ಎಂದಿತು. ಅಕ್ಟೋಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಸಂಸತ್ತಿನ ಅರ್ಜಿಯನ್ನು ತಳ್ಳಿಹಾಕಿತು. ಪ್ರವಾಸಿಗರ ಸಾಲು ಉದ್ದವಾದ ಮೇಲೆಯೇ ಈ ಕಾನೂನಿನ ಕಾಳಜಿ ಹುಟ್ಟಿದ್ದು ಆಕಸ್ಮಿಕವಿರಲಾರದು.

2009ರಲ್ಲಿ ಕೀಲಿ ಪೂರ್ತಿ ಕೈಗೆ ಬಂತು, ಒಳಗಿನ ಸಾಮಾನು ಬರಲಿಲ್ಲ. ಮರಳಿದ್ದು ಸ್ಥಿರಾಸ್ತಿ ಮಾತ್ರ. ಮ್ಯೂಸಿಯಂನವರು ತಮ್ಮ ಸಂಗ್ರಹವನ್ನು ಕೆಳಗಿನ ಹಳೇ ಸುಂಕದ ಮನೆಗೆ ಸಾಗಿಸಿದರು, ಮಾಲೀಕರು ಖಾಲಿ ಕೋಣೆಗಳನ್ನು ಬೇರೆ ಪೀಠೋಪಕರಣಗಳಿಂದ ತುಂಬಿಸಿದರು.

ರಾಣಿ ತೀರಿಕೊಂಡ ಮೇಲೆ ಅವಳ ಹೃದಯವನ್ನು ಬೇರೆಯಾಗಿ ಒಂದು ಕರಂಡಕದಲ್ಲಿಟ್ಟು ಬಾಲ್ಚಿಕ್‌ನಲ್ಲಿ ಇರಿಸಿದ್ದರು. ಆ ಕರಂಡಕವೂ ಹೀಗೆಯೇ ಅಲೆಯಿತು. ಕಪ್ಪು ಸಮುದ್ರದ ದಡದ ಬಾಲ್ಚಿಕ್ 1940ರಲ್ಲಿ ಬಲ್ಗೇರಿಯಾದ ಪಾಲಾದಾಗ ಅದನ್ನು ಬ್ರಾನ್‌ಗೆ ತಂದಿದ್ದರು. ಆಮೇಲೆ ಅದು ಬುಕಾರೆಸ್ಟ್‌ನ ಮ್ಯೂಸಿಯಂ ಸೇರಿತು. 2015ರಲ್ಲಿ ಅಲ್ಲಿಂದ ಹೊರಟದ್ದು ಬ್ರಾನ್‌ಗಲ್ಲ, ಆಕೆ ಕೊನೆಯುಸಿರೆಳೆದ ಸಿನಾಯಾದ ಪೆಲಿಶೋರ್ ಅರಮನೆಗೆ.