ಡಿಸೆಂಬರ್ ಹಿಮ ಅಗ್ಗ, ಮಾರ್ಚ್ ಹಿಮ ದುಬಾರಿ

ಟೊರಾಂಟೊ ಸುತ್ತಮುತ್ತ ಸೋಲಾರ್ ಹಾಕಿಸಲು ಹೊರಟ ಕನ್ನಡಿಗರು ವಿನ್ಯಾಸಗಾರನಾದ ನನ್ನನ್ನು ಮೊದಲು ಕೇಳುವುದು ಇದನ್ನೇ: 'ಚಳಿಗಾಲದಲ್ಲಿ ಪ್ಯಾನೆಲ್ ಮೇಲೆಲ್ಲ ಹಿಮ ಕೂರುತ್ತಲ್ಲ, ಅಸಲಾದರೂ ಗಿಟ್ಟುತ್ತಾ?'

ಲೆಕ್ಕ ಹಾಕಿ ನೋಡೋಣ. 7 ಕಿಲೋವ್ಯಾಟ್‌ನ ವ್ಯವಸ್ಥೆ ಇಲ್ಲಿ ವರ್ಷಕ್ಕೆ ಸುಮಾರು 8,000 ಯೂನಿಟ್ ಕೊಡುತ್ತದೆ. ಅದರಲ್ಲಿ ಡಿಸೆಂಬರ್ ಪಾಲು 350ರ ಆಸುಪಾಸು ಅಷ್ಟೇ. ಆಗ ಹಗಲೇ ಒಂಬತ್ತು ಗಂಟೆ. ಸೂರ್ಯ ಮೇಲೇರುವುದೂ ಇಲ್ಲ. ಹಿಮ ಅದರಲ್ಲಿ ಅರ್ಧ ನುಂಗಿದರೂ, ಯೂನಿಟ್‌ಗೆ 15 ಸೆಂಟ್ ಹಿಡಿದರೆ, ಹೋಗುವುದು 26 ಡಾಲರ್. ಇಷ್ಟಕ್ಕಾಗಿ ದಯವಿಟ್ಟು ಹಿಮಗಟ್ಟಿದ ಚಾವಣಿ ಹತ್ತಬೇಡಿ. ಜಾರಿ ಬಿದ್ದರೆ ಜೀವಕ್ಕೇ ಅಪಾಯ. ಕಾಲಿಟ್ಟ ಭಾರಕ್ಕೆ ಸೆಲ್ ಬಿರುಕು ಬಿಟ್ಟರೆ ವಾರಂಟಿಯೂ ಕೈಕೊಡಬಹುದು. ಬಿಸಿನೀರು ಸುರಿಯುವುದಂತೂ ಬೇಡವೇ ಬೇಡ, ಗಾಜು ಸೀಳಬಹುದು.

ಮಾರ್ಚ್ ಬೇರೆಯೇ ಮಾತು. ಹಗಲು ಹನ್ನೆರಡು ಗಂಟೆ, ಉತ್ಪಾದನೆ ಡಿಸೆಂಬರಿನ ಎರಡರಷ್ಟು. ಚಳಿ ಪ್ಯಾನೆಲ್‌ಗೆ ಒಳ್ಳೆಯದೇ: ಅದರ ಬಿಸಿ ಒಂದು ಡಿಗ್ರಿ ಇಳಿದಂತೆಲ್ಲ ಉತ್ಪಾದನೆ 0.3–0.4% ಏರುತ್ತದೆ. ನೆಲದ ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ 80%ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ, ಅದರಲ್ಲಿ ಒಂದಿಷ್ಟು ಪ್ಯಾನೆಲ್‌ಗೂ ಸಿಗುತ್ತದೆ. ಅಂಥ ನಿಚ್ಚಳ ದಿನ ಪ್ಯಾನೆಲ್ ಮುಚ್ಚಿಕೊಂಡಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಮದ್ದು ವಿನ್ಯಾಸದ ಹಂತದಲ್ಲೇ ಆಗಬೇಕು. ಎಡ್ಮಂಟನ್‌ನ ನಾರ್ದರ್ನ್ ಆಲ್ಬರ್ಟಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯವರು ಬೇರೆ ಬೇರೆ ಇಳಿಜಾರಿನಲ್ಲಿ ಜೋಡಿ ಪ್ಯಾನೆಲ್ ಇಟ್ಟು, ಒಂದರ ಹಿಮ ಗುಡಿಸಿ, ಇನ್ನೊಂದನ್ನು ಹಾಗೇ ಬಿಟ್ಟು ವರ್ಷಗಟ್ಟಲೆ ಅಳೆದರು. ತೀರಾ ಕಡಿಮೆ ಇಳಿಜಾರಿನದಕ್ಕೆ ವಾರ್ಷಿಕ ನಷ್ಟ ಸುಮಾರು 5%. ಕಡಿದಾಗಿ ನಿಲ್ಲಿಸಿದ್ದಕ್ಕೆ ಅದರ ಅರ್ಧಕ್ಕಿಂತ ಕಡಿಮೆ.

ಹಿಮ ಜಾರಿ ಬಂದು ಕೆಳ ಅಂಚಿನಲ್ಲಿ ಪಟ್ಟಿಯಂತೆ ನಿಲ್ಲುವುದನ್ನು ನೋಡಿರುತ್ತೀರಿ. ಹಳೇ ಮಾದರಿಯ ಪ್ಯಾನೆಲ್‌ನಲ್ಲಿ ಸೆಲ್‌ಗಳು ಉದ್ದುದ್ದಕ್ಕೆ ಮೂರು ಭಾಗವಾಗಿರುತ್ತವೆ; ಮುಚ್ಚಿದ ಭಾಗವನ್ನು ಬಿಟ್ಟು ಕರೆಂಟ್ ಹರಿಯಲಿ ಎಂದು ಒಂದೊಂದಕ್ಕೂ ಒಂದು ಡಯೋಡ್. ಅದನ್ನು ಉದ್ದಕ್ಕೆ ನಿಲ್ಲಿಸಿದ್ದರೆ ಅಂಗೈ ಅಗಲದ ಆ ಪಟ್ಟಿಯೊಂದೇ ಇಡೀ ಪ್ಯಾನೆಲ್ಲನ್ನು ಮಲಗಿಸಬಲ್ಲದು. ಅಡ್ಡಕ್ಕೆ ಹಾಕಿದ್ದರೆ ಹೋಗುವುದು ಮೂರರಲ್ಲೊಂದು ಭಾಗ. ಈಗಿನ ಅರ್ಧ-ಸೆಲ್ ಪ್ಯಾನೆಲ್‌ನಲ್ಲಿ (ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ, ಮೇಲಿನರ್ಧ ಕೆಳಗಿನರ್ಧ ಬೇರೆಬೇರೆಯಾಗಿ ಜೋಡಿಸಿದ್ದು) ಉದ್ದಕ್ಕೆ ನಿಲ್ಲಿಸಿದರೂ ಮೇಲಿನರ್ಧ ದುಡಿಯುತ್ತಿರುತ್ತದೆ. ಕೊಟೇಶನ್ ಕೈಗೆ ಬಂದಾಗ ಪ್ಯಾನೆಲ್ ಯಾವ ಬಗೆಯದು, ಉದ್ದಕ್ಕೋ ಅಡ್ಡಕ್ಕೋ ಎಂದು ಕೇಳಿ. ಹಿಮದ ನಷ್ಟವನ್ನು ತಿಂಗಳುವಾರು ತೋರಿಸಲೂ ಹೇಳಿ.

ಒಂಟಾರಿಯೊದಲ್ಲಿ ನೆಟ್ ಮೀಟರಿಂಗ್ (ಹೆಚ್ಚುವರಿ ಕರೆಂಟನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಜಮೆ ಪಡೆಯುವ ವ್ಯವಸ್ಥೆ) ಇರುವವರಿಗೆ ಬೇಸಿಗೆಯ ಜಮೆ 12 ತಿಂಗಳು ಉಳಿಯುವುದರಿಂದ ಚಳಿಗಾಲದ ಕೊರತೆ ತುಂಬಿಕೊಳ್ಳುತ್ತದೆ. ಗ್ರಿಡ್ ಇಲ್ಲದ ಕಾಟೇಜಿನವರಿಗೆ ಈ ಆಸರೆಯಿಲ್ಲ. ಅಲ್ಲಿ ಹೋದ ಪ್ರತಿ ಯೂನಿಟ್ಟನ್ನೂ ಜನರೇಟರ್ ಓಡಿಸಿಯೇ ತುಂಬಬೇಕು. ಅವರಿಗೆ ನಾನು ದಕ್ಷಿಣದ ಗೋಡೆಗೆ ನೆಟ್ಟಗೆ ಕೂರಿಸುವ ಪ್ಯಾನೆಲ್ಲನ್ನೇ ಹೇಳುತ್ತೇನೆ.