ಪ್ಲಾನರ್ ಸ್ಪೀಕರ್‌ಗೆ ಆಂಪ್ ಆರಿಸುವಾಗ ವ್ಯಾಟ್‌ಗಿಂತ ಮೊದಲು ವೋಲ್ಟ್ ನೋಡಿ

ಪ್ಲಾನರ್ ಅಂದರೆ ಪೆಟ್ಟಿಗೆ ಇಲ್ಲದ ಸ್ಪೀಕರ್. ಎದೆಮಟ್ಟದ ಅಥವಾ ಆಳೆತ್ತರದ ಚೌಕಟ್ಟು, ಅದರಲ್ಲಿ ಬಿಗಿದ ತೆಳು ಮೈಲಾರ್ ಹಾಳೆ, ಹಾಳೆಗೆ ಅಂಟಿಸಿದ ತಂತಿ ಇಲ್ಲವೇ ಅಲ್ಯೂಮಿನಿಯಂ ಪಟ್ಟಿ, ಪಕ್ಕದಲ್ಲೇ ಸಾಲು ಸಾಲು ಅಯಸ್ಕಾಂತ. ತಂತಿಯಲ್ಲಿ ಕರೆಂಟ್ ಹರಿದಾಗ ಹಾಳೆಯೇ ಅಲುಗಿ ಸದ್ದು ಬರುತ್ತದೆ. ಜಿಮ್ ವೈನಿ 1969ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಶುರು ಮಾಡಿದ ಮ್ಯಾಗ್ನೆಪ್ಯಾನ್ ಈ ಬಗೆಯಲ್ಲಿ ಹೆಸರುವಾಸಿ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಹಳೆಯ ರೆಕಾರ್ಡಿಂಗ್ ಇದರಲ್ಲಿ ಕೇಳಿ. ಒಂದು ಮೀಟಿನ ನಾದ ಕರಗುವವರೆಗೂ ಗಮಕ ಬಿಡಿಬಿಡಿಯಾಗಿ ಕೇಳುತ್ತದೆ. ಮೈಸೂರಿನವರಿಗೆ ಇಷ್ಟು ಕಾರಣ ಸಾಕು, ಅಲ್ವಾ?

ಇವನ್ನು ಆಂಪ್‌ನಿಂದ, ಅಂದರೆ ಆಂಪ್ಲಿಫೈಯರ್‌ನಿಂದ, ಓಡಿಸುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಕಷ್ಟ ಎಲ್ಲಿದೆ ಅಂತ ಮೊದಲು ತಿಳಿಯಬೇಕು. ಮಾಮೂಲಿ ಪೆಟ್ಟಿಗೆ ಸ್ಪೀಕರ್‌ನ ಇಂಪಿಡೆನ್ಸ್, ಅಂದರೆ ಕರೆಂಟ್‌ಗೆ ಅದು ಒಡ್ಡುವ ತಡೆ, ಸ್ವರ ಬದಲಾದಂತೆ ಏರುತ್ತೆ, ಇಳಿಯುತ್ತೆ. ಮ್ಯಾಗ್ನೆಟಿಕ್ ಪ್ಲಾನರ್ ಹಾಗಲ್ಲ. ಅದು ಹೆಚ್ಚುಕಮ್ಮಿ ಒಂದು ರೆಸಿಸ್ಟರ್, ಸಾಮಾನ್ಯವಾಗಿ 4 ಓಮ್ ಆಸುಪಾಸು. ತೊಂದರೆ ಎರಡೇ. ಓಮ್ ಕಡಿಮೆ, ಹಾಗಾಗಿ ಕರೆಂಟ್ ಜಾಸ್ತಿ ಬೇಕು. ಸೆನ್ಸಿಟಿವಿಟಿ, ಅಂದರೆ ಕೊಟ್ಟ ವೋಲ್ಟ್‌ಗೆ ಹೊರಡುವ ಸದ್ದು, ಅದೂ ಕಡಿಮೆ, ಹಾಗಾಗಿ ವೋಲ್ಟ್ ಕೂಡ ಜಾಸ್ತಿ ಬೇಕು.

ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ನೋಡಲು ಇದೇ ಥರ ಇರುತ್ತದೆ. ಬ್ರಿಟನ್ನಿನ ಕ್ವಾಡ್ ಕಂಪನಿಯ 1957ರ ಸ್ಪೀಕರ್ ಆ ಜಾತಿಯದು. ಆದರೆ ಆಂಪ್‌ಗೆ ಅದು ಕಾಣುವುದು ಕೆಪಾಸಿಟರ್ ಆಗಿ. ಸ್ವರ ಮೇಲಕ್ಕೆ ಹೋದಂತೆ ಇಂಪಿಡೆನ್ಸ್ ಕುಸಿಯುತ್ತದೆ. ವೋಲ್ಟ್ ಮಿತಿಮೀರಿದರೆ ಹಳೆಯ ಕ್ವಾಡ್‌ನ ಪ್ಯಾನೆಲ್ ಒಳಗೆ ಕಿಡಿ ಹಾರಿ ಹಾಳಾಗುತ್ತದೆ. ಎಲೆಕ್ಟ್ರೋಸ್ಟಾಟಿಕ್‌ಗೆ ಕೊಟ್ಟ ಸಲಹೆಯನ್ನು ಮ್ಯಾಗ್ನೆಟಿಕ್ ಪ್ಲಾನರ್‌ಗೆ ತರಬೇಡಿ.

ಈಗ ಲೆಕ್ಕಕ್ಕೆ ಬರೋಣ. ಮ್ಯಾಗ್ನೆಪ್ಯಾನ್‌ನ ಎಲ್‌ಆರ್‌ಎಸ್, 1.7ಐ ಎರಡೂ ಮಾದರಿಗೆ ಕಂಪನಿ ಕೊಟ್ಟ ಅಂಕಿ ಒಂದೇ: 500 ಹರ್ಟ್ಸ್‌ನಲ್ಲಿ 2.83 ವೋಲ್ಟ್‌ಗೆ 86 ಡೆಸಿಬೆಲ್. 2.83 ವೋಲ್ಟ್ ಅಂದರೆ 8 ಓಮ್‌ನಲ್ಲಿ 1 ವ್ಯಾಟ್. 4 ಓಮ್‌ನಲ್ಲಿ ಅದೇ 2 ವ್ಯಾಟ್ ಆಗುತ್ತದೆ. ಹಾಗಾಗಿ ಒಂದು ವ್ಯಾಟ್‌ಗೆ ಸಿಗುವುದು 83 ಮಾತ್ರ. ಬ್ರೋಶರ್‌ನಲ್ಲಿ 86 ನೋಡಿ ಪರವಾಗಿಲ್ಲ ಅಂದುಕೊಂಡರೆ ಅಲ್ಲೇ ಅರ್ಧ ಲೆಕ್ಕ ತಪ್ಪುತ್ತದೆ.

ಮೈಸೂರಿನ ಸರಸ್ವತಿಪುರಂನ ಒಂದು ಹಳೇ ಮನೆಯ ಹಾಲ್ ತೆಗೆದುಕೊಳ್ಳಿ. ಕೂರುವ ಜಾಗ ಸ್ಪೀಕರ್‌ನಿಂದ 10 ಅಡಿ. ಅಷ್ಟು ದೂರಕ್ಕೆ ಸದ್ದು 6 ಡೆಸಿಬೆಲ್ ಇಳಿಯಿತು, ಎರಡು ಸ್ಪೀಕರ್ ಸೇರಿ 3 ಏರಿತು ಅಂತ ಇಟ್ಟುಕೊಳ್ಳೋಣ. ಇದು ಅಂದಾಜು ಮಾತ್ರ. ಆಗ 2.83 ವೋಲ್ಟ್‌ಗೆ ನಮ್ಮ ಕಿವಿಗೆ 83 ಬರುತ್ತದೆ. 1 ವೋಲ್ಟ್‌ಗೆ 74. ತಂಬೂರಿ ಹಿತವಾಗಿ ಕೇಳಲು ಅಷ್ಟು ಸಾಕು. ಟ್ರೂ ಆರ್‌ಎಂಎಸ್ ಮಲ್ಟಿಮೀಟರ್ ಇದ್ದರೆ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು ಎಸಿ ವೋಲ್ಟ್ ನೋಡಿ. ಬರೀ ತಂಬೂರಿ ನುಡಿಯುವಾಗ ಮೀಟರ್ ಒಂದು ವೋಲ್ಟ್ ಸುತ್ತ ಓಡಾಡುತ್ತಿದ್ದರೆ ಆಂಪ್ ಕೊಡುತ್ತಿರುವುದು ಕಾಲು ವ್ಯಾಟ್.

ಅದೇ ವಾಲ್ಯೂಮ್‌ನಲ್ಲಿ ತನಿ ಆವರ್ತನ ಶುರುವಾಗಲಿ. ಮೃದಂಗದ ಪೆಟ್ಟು ತಂಬೂರಿಗಿಂತ 20 ಡೆಸಿಬೆಲ್ ಮೇಲೆ ಹಾರಿತು ಅನ್ನಿ. 20 ಡೆಸಿಬೆಲ್ ಅಂದರೆ ವೋಲ್ಟ್ ಹತ್ತು ಪಟ್ಟು, ವ್ಯಾಟ್ ನೂರು ಪಟ್ಟು. 10 ವೋಲ್ಟ್, 25 ವ್ಯಾಟ್. ಆ ಪೆಟ್ಟು ಎಷ್ಟು ಚುಟುಕು ಅಂದರೆ ಮಲ್ಟಿಮೀಟರ್‌ಗೆ ಅದು ಕಾಣುವುದೇ ಇಲ್ಲ. ಇನ್ನೂ 6 ಡೆಸಿಬೆಲ್ ಜೋರು ಬೇಕೆಂದರೆ 20 ವೋಲ್ಟ್, 100 ವ್ಯಾಟ್. 28 ವೋಲ್ಟ್‌ಗೆ ಹೋದರೆ 200 ವ್ಯಾಟ್, ಆಗ ಪ್ರತಿ ಸ್ಪೀಕರ್‌ಗೆ 7 ಆಂಪಿಯರ್ ಹರಿಯಬೇಕು. ಅಷ್ಟು ಜೋರಾಗಿ ಕೇಳಿದರೂ ಹೆಚ್ಚಿನ ಹೊತ್ತು ಎರಡು ವ್ಯಾಟ್ ಸಾಕು, ಕ್ಷಣಮಾತ್ರಕ್ಕೆ ಇನ್ನೂರು ಬೇಕು. ದೊಡ್ಡ ಆಂಪ್ ಬೇಕಾಗುವುದು ಆ ಕ್ಷಣಕ್ಕೆ. ಅಲ್ಲಿ ಸಣ್ಣ ಆಂಪ್ ಕ್ಲಿಪ್ ಆಗುತ್ತದೆ, ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಪೆಟ್ಟು ಒಡಕಾಗಿ ಕೇಳುತ್ತದೆ.

ಇಂಟಿಗ್ರೇಟೆಡ್ ಆಂಪ್‌ನ (ವಾಲ್ಯೂಮ್ ನಿಯಂತ್ರಣ, ಪವರ್ ಆಂಪ್ ಎರಡೂ ಒಂದೇ ಡಬ್ಬದಲ್ಲಿರುವುದು) ಅಂಕಿ ಓದುವಾಗ 4 ಓಮ್ ಸಾಲನ್ನೇ ಓದಿ. ಎರಡೂ ಚಾನೆಲ್ ಒಟ್ಟಿಗೆ ಓಡುವಾಗ, ಬಿಡದೆ ಕೊಡುವ ವ್ಯಾಟ್ ಎಷ್ಟು ಅನ್ನುವುದೇ ಮುಖ್ಯ. ನಮ್ಮಲ್ಲಿ ಡಬ್ಬದ ಮೇಲೆ ದೊಡ್ಡದಾಗಿ ಬರೆಯುವ ಪಿಎಂಪಿಒ, ಅಂದರೆ ಕ್ಷಣಿಕ ಗರಿಷ್ಠ ವ್ಯಾಟ್ ಅಂತ ಹೇಳಿಕೊಳ್ಳುವ, ಅಂಕಿಗೆ ಯಾವ ಅರ್ಥವೂ ಇಲ್ಲ. ಅಮೆರಿಕದಲ್ಲಿ ಇಂಥ ಉಬ್ಬಿಸಿದ ಅಂಕಿಗಳಿಗೆ 1974ರಲ್ಲೇ ನಿಯಮ ತಂದು ಕಡಿವಾಣ ಹಾಕಿದರು.

ಕೆಲವು ಉದಾಹರಣೆ ನೋಡೋಣ. ಯಮಾಹಾ ಎ-ಎಸ್3200 8 ಓಮ್‌ನಲ್ಲಿ 100 ವ್ಯಾಟ್, 4ರಲ್ಲಿ 150. ಪ್ಯಾರಾಸೌಂಡ್ ಹಿಂಟ್ 6ಕ್ಕೆ 160, 240. ರೋಟೆಲ್ ಆರ್‌ಎ-1592ಕ್ಕೆ 200, 350. 4 ಓಮ್‌ನಲ್ಲಿ ಎರಡು ಪಟ್ಟಾಗದಿದ್ದರೆ ಆಂಪ್ ಕೆಟ್ಟದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನ್ಯಾಡ್ ಸಿ 399 ಎರಡಕ್ಕೂ 180 ಅಂತಲೇ ಹೇಳುತ್ತದೆ. ಆ 180 ನಮಗೆ ಸಾಕಾ ಅನ್ನುವುದಷ್ಟೇ ಪ್ರಶ್ನೆ. ಇನ್ನೊಂದು ಮಾತು. 150 ವ್ಯಾಟ್‌ಗೂ 350ಕ್ಕೂ ನಡುವೆ ಇರುವುದು 4 ಡೆಸಿಬೆಲ್‌ಗಿಂತ ಕಡಿಮೆ. ಅಷ್ಟಕ್ಕೆ ಎಷ್ಟು ದುಡ್ಡು ಹಾಕಬೇಕು ಅಂತ ನೀವೇ ಯೋಚಿಸಿ. 10 ಅಡಿ ದೂರದಲ್ಲಿ ಕೂತು ಶಾಸ್ತ್ರೀಯ ಸಂಗೀತ ಕೇಳುವವರಿಗೆ 4 ಓಮ್‌ನ 150 ಪ್ರಾಮಾಣಿಕ ವ್ಯಾಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಹಾಲ್‌ನಲ್ಲಿ ಸಿನಿಮಾ ಹಾಡು ಜೋರಾಗಿ ಹಾಕುವವರಿಗೆ ಸಾಲದು.

ಆಂಪ್ ಹಿಂದೆ 4 ಓಮ್ ಅಂತ ಸ್ವಿಚ್ ಇದ್ದರೆ ಹುಷಾರು. ಸಾಮಾನ್ಯವಾಗಿ ಅದು ಒಳಗಿನ ವೋಲ್ಟ್ ಇಳಿಸಿ ಬಿಸಿ ಕಡಿಮೆ ಮಾಡುತ್ತದೆ, ಹೆಚ್ಚು ಕರೆಂಟ್ ಕೊಡುವುದಿಲ್ಲ.

ನಮ್ಮ ಕಡೆ ಲೈನ್ ವೋಲ್ಟೇಜ್ ಕೂಡ ಲೆಕ್ಕಕ್ಕೆ ಬರಬೇಕು. ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುವುದು ಎಲ್ಲರಿಗೂ ಗೊತ್ತು. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಕ್ಲಾಸ್ ಎಬಿ (ಹಳೆಯ ಮಾಮೂಲಿ ಬಗೆಯ) ಆಂಪ್‌ಗಳಲ್ಲಿ ಸಾಮಾನ್ಯವಾಗಿ ಲೈನ್ ಇಳಿದಷ್ಟು ಒಳಗಿನ ವೋಲ್ಟ್ ಕೂಡ ಇಳಿಯುತ್ತದೆ. 230 ಇರಬೇಕಾದಲ್ಲಿ 200 ಬಂದರೆ ವ್ಯಾಟ್ ಮುಕ್ಕಾಲಿಗೆ ಬರುತ್ತದೆ. 150ರ ಆಂಪ್ ಆ ಸಂಜೆ 113ರ ಆಂಪ್. ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲ್ ಹಾಕಿದ ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ) ಆಂಪ್‌ಗಳಲ್ಲಿ ಹೆಚ್ಚಾಗಿ ಸ್ವಿಚಿಂಗ್ ಸಪ್ಲೈ ಇರುತ್ತದೆ. ಅದು ರೆಗ್ಯುಲೇಟೆಡ್ (ಲೈನ್ ಏರಿಳಿದರೂ ಒಳಗಿನ ವೋಲ್ಟ್ ಸ್ಥಿರವಾಗಿಡುವಂಥದ್ದು) ಆಗಿದ್ದರೆ ಈ ಇಳಿತ ಅಷ್ಟಾಗಿ ತಟ್ಟುವುದಿಲ್ಲ. ಬಿಸಿಯೂ ಕಡಿಮೆ. ಕ್ಲಾಸ್ ಎಬಿ ತಂದರೆ ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಮಾತ್ರ ಇಡಬೇಡಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ. ಕರೆಂಟ್ ಹೋದಾಗ ಆಫ್ ಮಾಡುವುದೇ ಒಳ್ಳೆಯದು.

ವೈರ್‌ಗೆ ಸುಮ್ನೆ ಸಾವಿರಾರು ರೂಪಾಯಿ ಸುರಿಯಬೇಡಿ. 5 ಮೀಟರ್ ದೂರಕ್ಕೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದರೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಸುಮಾರು 0.07 ಓಮ್. 4 ಓಮ್ ಮುಂದೆ ಅದು ಶೇ 2ರೊಳಗೆ.

ಕೊಳ್ಳುವ ಮೊದಲು ಆಂಪ್ ಮನೆಗೆ ತಂದು ಕೇಳಲು ಬಿಡುವ ಅಂಗಡಿ ಹುಡುಕಿ. ತನಿ ಆವರ್ತನ ಹಾಕಿ, ನೀವು ನಿಜವಾಗಿ ಕೇಳುವಷ್ಟೇ ಜೋರಾಗಿ. ಪೆಟ್ಟು ಒಡಕಾಗಿ ಕೇಳಿದರೆ ವಾಲ್ಯೂಮ್ ಸ್ವಲ್ಪ ಇಳಿಸಿ. ಆಗ ಸ್ವಚ್ಛವಾದರೆ ಆಂಪ್ ಸಾಲದು ಅಂತಲೇ ಹೆಚ್ಚಿನ ಅನುಮಾನ. ಇಳಿಸಿದರೂ ಹಾಗೇ ಇದ್ದರೆ ಬೇರೆ ರೆಕಾರ್ಡಿಂಗ್ ಹಾಕಿ, ಸ್ಪೀಕರ್‌ಗಳನ್ನು ಹಿಂದಿನ ಗೋಡೆಯಿಂದ 3 ಅಡಿ ಮುಂದಕ್ಕೆ ಎಳೆದು ನೋಡಿ. ಪ್ಯಾನೆಲ್ ಹಿಂದಕ್ಕೂ ಅಷ್ಟೇ ಸದ್ದು ಬಿಡುತ್ತದೆ. ಅದು ಗೋಡೆಗೆ ಬಡಿದು ಬರುವ ಗೊಂದಲವನ್ನು ಯಾವ ಆಂಪ್ ಕೂಡ ಸರಿ ಮಾಡಲಾರದು.